ಕಸುಬಿಲ್ಲದ ಸಂಬಳ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಟಿ.ವಿ. ಕ್ಯಾಮೆರಾಗಳು 625ಕ್ಕೆ 625 ತೆಗೆದವರ ಮನೆಯಲ್ಲಿರುತ್ತವೆ. ಮರುವಾರ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ, ಕುರುಬರಹಳ್ಳಿ, ನಾಯಂಡಹಳ್ಳಿಯ ಗಲ್ಲಿಗಳಲ್ಲಿ ಏನು ನಡೆಯುತ್ತದೆ ಎಂದು ನೋಡಲು ಯಾವ ಕ್ಯಾಮೆರಾವೂ ಹೋಗುವುದಿಲ್ಲ. ಪಾಸಾಗದ ಹುಡುಗ ಒಂದೆರಡು ದಿನ ಮುಸುಕೆಳೆದು ಮಲಗಿರುತ್ತಾನೆ. ಆಮೇಲೆ ಅಪ್ಪನೋ ಸೋದರಮಾವನೋ 'ಮನೇಲಿ ಕೂತು ಏನ್ ಮಾಡ್ತೀಯೋ, ಎಲ್ಲಾದ್ರೂ ಸೇರ್ಕೋ' ಎನ್ನುತ್ತಾರೆ. ಹುಡುಗ ಸೇರಿಕೊಳ್ಳುತ್ತಾನೆ. ಇದರಲ್ಲಿ ಹೊಸದೇನೂ ಇಲ್ಲ. ಬೆಂಗಳೂರಿನ ಪಡುವಣ ಭಾಗದ ಅರ್ಧಕ್ಕರ್ಧ ಮೇಸ್ತ್ರಿಗಳು, ಫಿಟ್ಟರ್‌ಗಳು, ಸಣ್ಣ ಶೆಡ್ಡುಗಳ ಮಾಲೀಕರು ಹೀಗೆ ಸೇರಿಕೊಂಡೇ ಮೇಲೆ ಬಂದವರು. ಹೊಸದಾಗಿರುವುದು ಇವತ್ತಿನ ಹುಡುಗ ಸೇರಿಕೊಳ್ಳುವ ಜಾಗ. ಅಲ್ಲಿ ಸಂಬಳ ಉಂಟು, ಕಲಿಯಲು ಕೆಲಸವಿಲ್ಲ.

ಈ ದಾರಿ ಹಿಡಿಯುವವರ ಸಂಖ್ಯೆ ಏಕೆ ಹೆಚ್ಚೀತು ಎಂಬುದಕ್ಕೆ ಪರೀಕ್ಷಾ ಮಂಡಳಿಯ ಅಂಕಿಗಳೇ ಸುಳಿವು ಕೊಡುತ್ತವೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನೂ ತೆಗೆದರು; ಮೊದಲ ಪರೀಕ್ಷೆಯಲ್ಲಿ ಶಾಲೆಯಿಂದ ಮೊದಲ ಸಲ ಕೂತ ಮಕ್ಕಳ ತೇರ್ಗಡೆ ಶೇ 66.14. ಎರಡು ವರ್ಷದಲ್ಲಿ ಮಕ್ಕಳು ಇದ್ದಕ್ಕಿದ್ದಂತೆ ದಡ್ಡರಾಗಲಿಲ್ಲ. ಮೊದಲು ಮುಚ್ಚಿಟ್ಟದ್ದು ಈಗ ಕಾಣುತ್ತಿದೆ, ಅಷ್ಟೆ. ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಪದ್ಧತಿ ಬಂದಿರುವುದು ಒಳ್ಳೆಯದು, ತೇರ್ಗಡೆಯ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸಿರುವುದೂ ಕೆಲವರಿಗೆ ಬಾಗಿಲು ತೆರೆದೀತು. ಆದರೆ ಎರಡನೆಯ ಪರೀಕ್ಷೆಗೆ ಕೂರಬೇಕಾದವನು ಆ ಹೊತ್ತಿಗಾಗಲೇ ಕೆಲಸಕ್ಕೆ ಸೇರಿರುತ್ತಾನೆ. ಮೊದಲ ಸಂಬಳದಲ್ಲಿ ಅಮ್ಮನ ಕೈಗೆ ನಾಲ್ಕು ನೋಟು ಇಟ್ಟವನು ಮತ್ತೆ ಗಣಿತದ ಪುಸ್ತಕ ತೆರೆಯುವುದು ಅಪರೂಪ. ಮನೆಯವರೂ ಒತ್ತಾಯ ಮಾಡುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕೈಯೂ 14 ವರ್ಷಕ್ಕೆ ಮುಗಿದಿರುತ್ತದೆ.

ಪಶ್ಚಿಮ ಬೆಂಗಳೂರು ಮೊದಲಿಂದಲೂ ಕೈಕೆಲಸದ ಬೆಂಗಳೂರು. ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತು 1949ರಲ್ಲಿ ಹುಟ್ಟಿದ ರಾಜಾಜಿನಗರ, ಮನೆಗಳ ಮಗ್ಗುಲಲ್ಲೇ ಕೈಗಾರಿಕಾ ಉಪನಗರವನ್ನೂ ಇಂಡಸ್ಟ್ರಿಯಲ್ ಎಸ್ಟೇಟನ್ನೂ ಇಟ್ಟುಕೊಂಡು ಬೆಳೆದ ಬಡಾವಣೆ. ನಗರದ ದೊಡ್ಡ ಇ.ಎಸ್.ಐ. ಆಸ್ಪತ್ರೆ ಅಲ್ಲಿರುವುದು ಆಕಸ್ಮಿಕವಲ್ಲ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಂ ಮತ್ತು ತರಬೇತಿ ಕೇಂದ್ರ, ಎಲ್ಲರೂ ಜಿ.ಟಿ.ಟಿ.ಸಿ. ಎನ್ನುವುದು, ಇಂದಿಗೂ ಅದೇ ಎಸ್ಟೇಟಿನಲ್ಲಿದೆ. ಉತ್ತರಕ್ಕೆ ಪೀಣ್ಯ, ದಕ್ಷಿಣಕ್ಕೆ ಕೆಂಗೇರಿ ದಾಟಿದರೆ ಕುಂಬಳಗೋಡು, ಅದರಾಚೆ ಬಿಡದಿ. ನಡುವೆ ಮಾಗಡಿ ರಸ್ತೆಯ ಇಕ್ಕೆಲದಲ್ಲಿ ಲೆಕ್ಕಕ್ಕೆ ಸಿಗದಷ್ಟು ಸಣ್ಣ ಶೆಡ್ಡುಗಳು. ಎರಡು ಲೇತು, ಒಂದು ಮಿಲ್ಲಿಂಗ್ ಮಿಷನ್ನು, ಒಂದು ಪವರ್ ಪ್ರೆಸ್ಸು, ಗೋಡೆಯಲ್ಲಿ ಕುಂಕುಮ ಮೆತ್ತಿದ ದೇವರ ಪಟ, ದೊಡ್ಡ ಕಂಪನಿಗಳಿಂದ ಬರುವ ಜಾಬ್ ವರ್ಕು. ಹದಿನೈದು ಹದಿನಾರರ ಹುಡುಗ ಅಲ್ಲಿಗೆ ಹೆಲ್ಪರ್ ಆಗಿ ಬರುತ್ತಿದ್ದ. ಮೊದಲ ವರ್ಷ ಚಿಪ್ಸ್ ಗುಡಿಸುವುದು, ಟೀ ತರುವುದು, ಫೈಲು ಹಿಡಿದು ಬರ್ ತೆಗೆಯುವುದು. ಎರಡನೆಯ ವರ್ಷ ವರ್ನಿಯರ್ ಓದಲು ಬರುತ್ತಿತ್ತು. ಆಮೇಲೆ ಟೂಲ್ ಸಾಣೆ ಹಿಡಿಯುವುದು, ಡ್ರಾಯಿಂಗ್ ನೋಡಿ ಜಾಬ್ ಸೆಟ್ ಮಾಡುವುದು. ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಅವನು ಟರ್ನರ್. ಪಕ್ಕದ ಶೆಡ್ಡಿನವನು ಐನೂರು ಹೆಚ್ಚು ಕೊಡುತ್ತೇನೆ ಎಂದರೆ ಎದ್ದು ಹೋಗುವ ತಾಕತ್ತು ಅವನಿಗಿರುತ್ತಿತ್ತು. ಬಡವನ ಆರ್ಥಿಕ ಸಬಲೀಕರಣ ಅಂತ ಏನಾದರೂ ಇದ್ದರೆ ಅದು ಹೀಗೆ ಎದ್ದು ಹೋಗಬಲ್ಲ ತಾಕತ್ತೇ.

ಆ ಶೆಡ್ಡನ್ನು ಹೊಗಳಿ ಹಾಡುವ ಉದ್ದೇಶ ಇಲ್ಲಿಲ್ಲ. ಬಫಿಂಗ್ ಧೂಳು ಕುಡಿದು ಕೆಮ್ಮು ಹತ್ತಿಸಿಕೊಂಡವರು, ಪ್ಲೇಟಿಂಗ್ ತೊಟ್ಟಿಯ ಆಸಿಡ್ಡಿಗೆ ಕೈ ಚರ್ಮ ಕೊಟ್ಟವರು ಅಲ್ಲಿಂದಲೇ ಬಂದರು. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವರಿಗಂತೂ ಆ ಓಣಿಗಳಲ್ಲಿ ಕೊರತೆಯಿಲ್ಲ. ಕೆಲಸ ಕಲಿಸುತ್ತೇನೆ ಎಂದು ವರ್ಷಗಟ್ಟಲೆ ಊಟದ ದುಡ್ಡಿಗೆ ದುಡಿಸಿಕೊಂಡ ಮೇಸ್ತ್ರಿಗಳಿದ್ದರು. ಗ್ಯಾರೇಜುಗಳಲ್ಲಿ ಪಾನಾ ತಪ್ಪಾಗಿ ಎತ್ತಿಕೊಟ್ಟರೆ ಉಸ್ತಾದನ ಪಾನಾ ಬೆನ್ನಿಗೇ ಬೀಳುತ್ತಿತ್ತು. ಕಾರ್ಮಿಕ ಕಾನೂನು ಬಿಗಿಯಾಗಬೇಕಾದದ್ದು ಇಂಥದ್ದನ್ನು ನೋಡಿಯೇ. ಆದರೆ ಕೆಟ್ಟದ್ದು ಹೋಗುವಾಗ ಅದರ ಜೊತೆಗಿದ್ದ ಒಳ್ಳೆಯದನ್ನು ಉಳಿಸಿಕೊಳ್ಳುವ ಯೋಚನೆ ಯಾರೂ ಮಾಡಲಿಲ್ಲ. ಬಾಡಿಗೆ ಏರಿ ಸಾಕಷ್ಟು ಶೆಡ್ಡುಗಳು ಊರಾಚೆಗೆ ಸರಿದವು, ಉಳಿದವು ಸಿ.ಎನ್.ಸಿ. ಹಾಕಿಕೊಂಡು ಐ.ಟಿ.ಐ. ಆದವರನ್ನು ಕೇಳುತ್ತಿವೆ. ಕೇಸು ಬಿದ್ದೀತೆಂಬ ಭಯಕ್ಕೆ ಒಳ್ಳೆಯ ಮಾಲೀಕ ಹದಿನಾರರ ಹುಡುಗನನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಾನೆ. ಕೆಟ್ಟ ಮಾಲೀಕ ಹಿಂದಿನ ಬಾಗಿಲಿನಿಂದ ಸೇರಿಸಿಕೊಳ್ಳುತ್ತಾನೆ.

ವಾಪಸು ಬಂದ ಹುಡುಗ ಎಲ್ಲಿಗೆ ಹೋಗುತ್ತಾನೆ? ಕಲ್ಯಾಣ ಮಂಟಪದಲ್ಲಿ ಬಡಿಸಲು ಹೋಗುತ್ತಾನೆ. ಮದುವೆ ಸೀಸನ್ನು ಮುಗಿದರೆ ಅದೂ ಮುಗಿಯಿತು. ಮೊಬೈಲ್ ಅಂಗಡಿಯಲ್ಲಿ ಗ್ಲಾಸ್ ಅಂಟಿಸುತ್ತಾನೆ. ಗಿರಾಕಿ ಒಳಗೆ ಕಾಲಿಡದ ಡಾರ್ಕ್ ಸ್ಟೋರಿನಲ್ಲಿ ಕಪಾಟಿನಿಂದ ಕಪಾಟಿಗೆ ಓಡಿ ಸಾಮಾನು ಆಯ್ದು ಚೀಲಕ್ಕೆ ತುಂಬುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ ಡೆಲಿವರಿ. ಕಂಪನಿಗಳ ನಿಯಮದಲ್ಲಿ 18 ತುಂಬಿರಬೇಕು ಎಂದಿದೆ. ಅದಕ್ಕೇ ಅಣ್ಣನ ಐ.ಡಿ., ಭಾವನ ಐ.ಡಿ., ಅದೂ ಇಲ್ಲದಿದ್ದರೆ ಬಾಡಿಗೆಗೆ ಸಿಗುವ ಐ.ಡಿ. ಆ್ಯಪು ನಡುವೆ ಸೆಲ್ಫಿ ಕೇಳಿದರೆ ಐ.ಡಿ. ಒಡೆಯ ಹತ್ತಿರದಲ್ಲೆಲ್ಲೋ ಇದ್ದರಾಯಿತು. ದುಡ್ಡು ಅವನ ಖಾತೆಗೆ ಬರುತ್ತದೆ, ಅವನ ಪಾಲು ಮುರಿದುಕೊಂಡು ಉಳಿದದ್ದು ಹುಡುಗನಿಗೆ. ಹುಡುಗನಿಗೆ ಬೈಯುವ ಮೇಸ್ತ್ರಿಯಿಲ್ಲ, ವಾರಕ್ಕೊಮ್ಮೆ ಕಾಸು ಬರುತ್ತದೆ, ಗಾಡಿ ಮೇಲೆ ಊರು ಸುತ್ತಬಹುದು. ಹದಿನಾರರಲ್ಲಿ ಇದಕ್ಕಿಂತ ಇನ್ನೇನು ಬೇಕು? ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ಶೆಡ್ಡಿನಲ್ಲಿ ಮೂರು ವರ್ಷ ಕಾಯುವುದಕ್ಕಿಂತ ಇದು ಲಾಭ ಎಂದು ಅವನು ಹಾಕಿದ ಲೆಕ್ಕ ಈ ತಿಂಗಳ ಮಟ್ಟಿಗೆ ಸರಿಯಾಗಿಯೇ ಇದೆ.

ಇಲ್ಲೊಂದು ಸಂದಿಯಿದೆ, ಅದನ್ನು ಈಗಲೇ ಗಮನಿಸಬೇಕು. ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬದವರು ಬೈಕು ಓಡಿಸಿದರೆ, 2019ರ ತಿದ್ದುಪಡಿಯ ನಂತರ, ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಭಾರಿ ಬಿಗಿಯಾದ ಕಾನೂನೇ. ಆದರೆ ಗಂಟೆಗೆ 25 ಕಿ.ಮೀ. ಒಳಗೆ ಓಡುವ, 250 ವಾಟ್ ಒಳಗಿನ ವಿದ್ಯುತ್ ಸ್ಕೂಟರು ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟು ಬೇಡ, ವಿಮೆ ಬೇಡ. ಇಂಥ ಗಾಡಿ ದಿನದ, ವಾರದ ಬಾಡಿಗೆಗೆ ನಗರದಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಪರಿಸರಕ್ಕೆ ಒಳ್ಳೆಯದು, ಬಡ ರೈಡರನಿಗೂ ಅನುಕೂಲ. ಅದರ ಜೊತೆಗೇ ಹದಿನಾರರ ಹುಡುಗ ರಾತ್ರಿ ಹನ್ನೊಂದಕ್ಕೆ ಮೈಸೂರು ರಸ್ತೆಯ ಲಾರಿಗಳ ನಡುವೆ, ಯಾವ ಪೊಲೀಸನೂ ಕೈ ಅಡ್ಡ ಹಾಕುವಂತಿಲ್ಲದ ಗಾಡಿಯಲ್ಲಿ, ಇನ್ನೊಬ್ಬನ ಹೆಸರಿನಲ್ಲಿ ಓಡುವುದಕ್ಕೂ ಅದು ದಾರಿ ಮಾಡಿದೆ. ಹೀಗೆ ಆ್ಯಪ್‌ಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗೆ ರಾಜ್ಯ ಸರ್ಕಾರ 2023ರಲ್ಲಿ ನಾಲ್ಕು ಲಕ್ಷ ರೂಪಾಯಿಯ ವಿಮೆ ಘೋಷಿಸಿತು. 2025ರಲ್ಲಿ ಅವರಿಗಾಗಿಯೇ ಪ್ರತ್ಯೇಕ ಸಾಮಾಜಿಕ ಭದ್ರತಾ ಕಾಯ್ದೆ ತಂದಿತು. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯುವ ವ್ಯವಸ್ಥೆ ಅದರಲ್ಲಿದೆ. ದೇಶದಲ್ಲೇ ಮುಂಚೂಣಿಯ ಕೆಲಸ, ಸಂಶಯವಿಲ್ಲ. ಆದರೆ ನೋಂದಣಿಯಾಗಿರುವುದು ಐ.ಡಿ. ಒಡೆಯ. ಲಾರಿ ತಗುಲಿ ಬಿದ್ದವನ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ.

ಹುಡುಗಿಯರ ಕಥೆ ಇನ್ನೂ ಒಳಮನೆಯದು. ಅವರು ರಸ್ತೆಯಲ್ಲಿ ಕಾಣುವುದಿಲ್ಲವಾದ್ದರಿಂದ ಈ ಚರ್ಚೆಗಳಲ್ಲೂ ಕಾಣುವುದಿಲ್ಲ. ಸೀರೆಗೆ ಕುಚ್ಚು ಕಟ್ಟುವುದು, ಫಾಲ್ಸ್ ಹಾಕುವುದು, ಹೂ ಕಟ್ಟುವುದು, ಊದುಬತ್ತಿ ಪ್ಯಾಕ್ ಮಾಡುವುದು, ಅಮ್ಮ ಮನೆಗೆಲಸಕ್ಕೆ ಹೋಗುವ ಬಸವೇಶ್ವರನಗರದ ಮನೆಗಳಿಗೆ ಅವಳ ಬದಲಿಗೆ ಹೋಗುವುದು. ಲೆಕ್ಕ ಪೀಸಿಗೆ. ಒಂದು ಸೀರೆಯ ಕುಚ್ಚಿಗೆ ಬೊಟೀಕ್ ಗಿರಾಕಿಯಿಂದ ಪಡೆಯುವುದಕ್ಕೂ ಕಟ್ಟಿದ ಹುಡುಗಿಯ ಕೈಗೆ ಬರುವುದಕ್ಕೂ ನಡುವೆ ಇಬ್ಬರು ಮೂವರ ಕಮಿಷನ್ ಇರುತ್ತದೆ. ಅವಳ ಕೆಲಸಕ್ಕೆ ವೇಳೆಯಿಲ್ಲ, ರಜೆಯಿಲ್ಲ, ಮನೆಯವರ ಕಣ್ಣಿನಲ್ಲಿ ಅದು ಕೆಲಸವೂ ಅಲ್ಲ, 'ಸುಮ್ನೆ ಕೂತಿದ್ಲು, ಟೈಂಪಾಸಿಗೆ ಮಾಡ್ತಾಳೆ' ಅಷ್ಟೆ. ಹದಿನೆಂಟರ ಹತ್ತಿರ ಬಂದ ಕೂಡಲೇ ಎರಡು ದಾರಿ: ಅಕ್ಕನ ಆಧಾರ್ ತೋರಿಸಿ ಗಾರ್ಮೆಂಟ್ಸ್, ಇಲ್ಲವೇ ಮದುವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು. ಕೈಯಲ್ಲಿ ಕಸುಬೂ ತನ್ನದೇ ಖಾತೆಯೂ ಇರುವ ಹುಡುಗಿ 'ಈಗ ಬೇಡ' ಎನ್ನುವಾಗ ಮನೆಯವರು ಕೇಳುವ ಸಾಧ್ಯತೆ ಹೆಚ್ಚು. ಕುಚ್ಚಿನ ದುಡ್ಡು ಅಮ್ಮನ ಚೀಟಿಗೆ ಹೋಗುವ ಹುಡುಗಿಯ ಮಾತಿಗೆ ಆ ತೂಕ ಬರುವುದಿಲ್ಲ.

ಇದೇ ವಯಸ್ಸಿನ ಇನ್ನೊಂದು ವರ್ಗದ ಮಕ್ಕಳೂ ಅದೇ ಬಸವೇಶ್ವರನಗರದಲ್ಲಿದ್ದಾರೆ. ಅವರು ರಜೆಯಲ್ಲಿ ಚಿಕ್ಕಪ್ಪನ ಕಂಪನಿಗೆ ಹದಿನೈದು ದಿನ ಹೋಗಿ ಬಂದರೆ ಅದರ ಹೆಸರು ಇಂಟರ್ನ್‌ಶಿಪ್. ಸರ್ಟಿಫಿಕೇಟೂ ಸಿಗುತ್ತದೆ, ಮುಂದೆ ಕಾಲೇಜು ಅರ್ಜಿಗೆ ಅಂಟಿಸಬಹುದು. ಲಗ್ಗೆರೆಯ ಹುಡುಗ ಮೂರು ವರ್ಷ ದುಡಿದರೂ ಅವನ ಕೈಗೆ ಒಂದು ಚೀಟಿ ಕೊಡುವವರಿಲ್ಲ.

ಕಾನೂನು ಇಲ್ಲದೆ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ 14ರ ಒಳಗಿನ ಮಕ್ಕಳ ದುಡಿಮೆ, ಶಾಲೆಯ ನಂತರ ಮನೆಯ ವೃತ್ತಿಗೆ ನೆರವಾಗುವುದು ಮತ್ತು ಕಲಾವಿದರಾಗಿ ದುಡಿಯುವುದನ್ನು ಬಿಟ್ಟರೆ, ಪೂರ್ತಿ ನಿಷಿದ್ಧವಾಯಿತು. 14ರಿಂದ 18ರವರೆಗಿನವರನ್ನು ಕಿಶೋರರು ಎಂದು ಗುರುತಿಸಿ ಅಪಾಯಕಾರಿ ಕೆಲಸಗಳಿಂದ ದೂರ ಇಟ್ಟಿತು, ಉಳಿದ ಕೆಲಸಗಳಿಗೆ ಬಿಟ್ಟಿತು. ಬಿಡುವಾಗ ಷರತ್ತು ಹಾಕಿತು: ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಒಂದು ಗಂಟೆ ವಿರಾಮ, ಕಾಯುವ ಹೊತ್ತೂ ಸೇರಿ ದಿನಕ್ಕೆ ಆರು ಗಂಟೆ, ಸಂಜೆ ಏಳರಿಂದ ಬೆಳಗಿನ ಎಂಟರವರೆಗೆ ಕೆಲಸವೇ ಇಲ್ಲ, ಓ.ಟಿ. ಇಲ್ಲ, ವಾರಕ್ಕೊಂದು ರಜೆ. ಹುಡುಗನನ್ನು ಸೇರಿಸಿಕೊಂಡ 30 ದಿನದೊಳಗೆ ಮಾಲೀಕ ಕಾರ್ಮಿಕ ನಿರೀಕ್ಷಕರಿಗೆ ತಿಳಿಸಬೇಕು, ಹುಟ್ಟಿದ ದಿನಾಂಕ, ಕೆಲಸದ ವೇಳೆ, ಕೆಲಸದ ಬಗೆ ಬರೆದ ರಿಜಿಸ್ಟರ್ ಇಡಬೇಕು. ಸಂಜೆ ಏಳರ ಮೇಲೆ ವಿಜಯನಗರದ ಮಾರುತಿ ಮಂದಿರದ ಸುತ್ತಮುತ್ತ ಒಂದು ಸುತ್ತು ಹಾಕಿದರೆ ಚಾಟ್ ಗಾಡಿ, ಬಟ್ಟೆ ಅಂಗಡಿ, ಬೇಕರಿಗಳಲ್ಲಿ ಈ ಷರತ್ತಿನ ಗತಿ ಏನಾಗಿದೆಯೆಂದು ಬರಿಗಣ್ಣಿಗೆ ಕಾಣುತ್ತದೆ. ಆ ರಿಜಿಸ್ಟರ್ ಹೇಗಿರುತ್ತದೆಂದು ಆ ಅಂಗಡಿಗಳ ಮಾಲೀಕರನ್ನು ಕೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ.

ನಮ್ಮ ಬಾಲಕಾರ್ಮಿಕ ಚಳವಳಿ ಎಂದರೆ ದಾಳಿ, ರಕ್ಷಣೆ, ಮರಳಿ ಶಾಲೆಗೆ. 14ರ ಒಳಗಿನವರ ವಿಷಯದಲ್ಲಿ ಅದು ಸರಿಯಾದ ದಾರಿ, ಫಲವನ್ನೂ ಕೊಟ್ಟಿದೆ. ಅದೇ ದಾರಿಯನ್ನು ಹದಿನಾರರವನಿಗೂ ಹಿಡಿದರೆ ಅವನನ್ನು ಅಂಗಡಿಯಿಂದ ಎತ್ತಿ ತಂದು ಬಾಲಮಂದಿರದಲ್ಲಿ ಎರಡು ವಾರ ಇಡಬಹುದು, ಮೂರನೆಯ ವಾರ ಅವನು ಇನ್ನೂ ಕಾಣದ ಜಾಗ ಹುಡುಕಿಕೊಂಡಿರುತ್ತಾನೆ.

ದೊಡ್ಡ ತೊಡಕು ಸಂಖ್ಯೆಗಳಲ್ಲಿದೆ. ನಮ್ಮ ಬಹುತೇಕ ಕಾರ್ಮಿಕ ಕಾನೂನುಗಳು ತಲೆ ಎಣಿಸಿ ಒಳಗೆ ಬರುತ್ತವೆ. ಹತ್ತು ಜನ ಇದ್ದರೆ ಇ.ಎಸ್.ಐ., ಇಪ್ಪತ್ತು ಇದ್ದರೆ ಪಿ.ಎಫ್. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ. ತರಬೇತಿಯಾಗಲಿ ಮೇಲ್ವಿಚಾರಣೆಯಾಗಲಿ ಇಲ್ಲದೆ ಅಪಾಯದ ಯಂತ್ರಗಳ ಮುಂದೆ ಹದಿನೆಂಟರೊಳಗಿನವರನ್ನು ನಿಲ್ಲಿಸುವಂತಿಲ್ಲ ಎಂಬ ನಿಯಮ ಇದ್ದದ್ದು ಅದರಲ್ಲೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಇಪ್ಪತ್ತು ಜನ ಬೇಕು. ಕಾಮಾಕ್ಷಿಪಾಳ್ಯದ ಶೆಡ್ಡುಗಳ ಪಾಲಿಗೆ ಇದು ಸಣ್ಣ ಬದಲಾವಣೆಯಲ್ಲ. ಹನ್ನೆರಡು ಜನರ ಪ್ರೆಸ್ ಶಾಪು ನಿನ್ನೆ ಕಾರ್ಖಾನೆಯಾಗಿತ್ತು, ಇವತ್ತು ಅಲ್ಲ. ಅಪ್ರೆಂಟಿಸ್ ಕಾಯ್ದೆಯೂ ಹೀಗೆಯೇ. ಮೂವತ್ತು ಜನ ಇರುವ ಸಂಸ್ಥೆ ಕಲಿಕೆಯವರನ್ನು ತೆಗೆದುಕೊಳ್ಳಲೇಬೇಕು; ನಾಲ್ಕರಿಂದ ಇಪ್ಪತ್ತೊಂಬತ್ತು ಇದ್ದರೆ ಮಾಲೀಕನ ಇಷ್ಟ. ಅಂದರೆ ಎಲ್ಲಿ ನಿಜವಾಗಿ ಹುಡುಗರು ಕೆಲಸ ಕಲಿಯುತ್ತಿದ್ದರೋ ಆ ಐದು ಎಂಟು ಜನರ ಶೆಡ್ಡಿಗೆ ಕಲಿಸುವ ಹೊಣೆಯೇ ಇಲ್ಲ. ಇವುಗಳ ನಡುವೆ ತಲೆ ಎಣಿಸದೆ, ಮನೆಯವರೇ ಸೇರಿ ನಡೆಸುವ ವೃತ್ತಿಯೊಂದನ್ನು ಬಿಟ್ಟು, ನಾಲ್ಕು ಜನರ ಅಂಗಡಿಯೊಳಗೂ ಬರಬಲ್ಲದ್ದು ಮೇಲೆ ಹೇಳಿದ ಕಿಶೋರರ ರಿಜಿಸ್ಟರಿನ ನಿಯಮ. ಕೈಯಲ್ಲಿರುವ ಆ ಒಂದು ಹತಾರವನ್ನು ಕಾರ್ಮಿಕ ಇಲಾಖೆ ತುಕ್ಕು ಹಿಡಿಸಿ ಇಟ್ಟಿದೆ.

ಕಲಿಕೆಗೆ ಹೋಗಲು ಸಿದ್ಧನಿರುವ ಹುಡುಗನ ಲೆಕ್ಕವನ್ನೂ ನೋಡೋಣ. ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವನ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 5,000 ರೂಪಾಯಿ, ಹತ್ತು ಪಾಸಾದವನದು 6,000. ಎಸ್ಸೆಸ್ಸೆಲ್ಸಿ ಫೇಲಾದವನು ಮೊದಲ ಸಾಲಿನವನು. ಡೆಲಿವರಿಗೆ ತಿಂಗಳಿಡೀ ಓಡಿದರೆ ಅದರ ಎರಡು ಮೂರು ಪಟ್ಟು ಸಿಗುತ್ತದೆ. ಮನೆ ಬಾಡಿಗೆ, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ತಂಗಿಯ ಫೀಸು ಎದುರಿಗಿರುವಾಗ ಯಾವ ತಾಯಿ 5,000ದ ಕಡೆ ಕೈ ತೋರಿಸುತ್ತಾಳೆ? ಈ ಅಂತರವನ್ನು ಎರಡು ವರ್ಷದ ಮಟ್ಟಿಗೆ ಯಾರಾದರೂ ತುಂಬಿಕೊಟ್ಟರೆ ಮಾತ್ರ ಕಸುಬಿನ ದಾರಿ ತೆರೆದಿರುತ್ತದೆ. ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಕೊಡುತ್ತಿದ್ದಾರೆ. ಓದಿ ಕೆಲಸ ಸಿಗದೆ ಕುಳಿತವರಿಗೆ ಕೊಡುವುದು ತಪ್ಪಲ್ಲ. ಆದರೆ ಓದು ಹತ್ತಕ್ಕೇ ನಿಂತು, ಕಸುಬು ಕಲಿಯುತ್ತೇನೆ ಎಂದು ಬಂದವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಯುವಜನರಿಗೆಂದು ತೆಗೆದಿಟ್ಟ ಹಣದಲ್ಲಿ ಅತ್ಯಂತ ಬಡ ಯುವಕನಿಗೇ ಪಾಲಿಲ್ಲದ ಈ ವಿಚಿತ್ರದ ಬಗ್ಗೆ ಸದನದಲ್ಲಿ ಎಷ್ಟು ಜನ ಮಾತನಾಡಿದ್ದಾರೆ?

ವಿಜಯನಗರ, ಚಂದ್ರಾ ಲೇಔಟ್ ಕಡೆ ಹೋದವರಿಗೆ ಪದವೀಧರರ ಕಾಯುವಿಕೆಯ ಪರಿಚಯವಿರುತ್ತದೆ. ರಾಯಚೂರು, ಕಲಬುರಗಿ, ವಿಜಯಪುರದಿಂದ ಬಂದು ಪಿ.ಜಿ.ಗಳಲ್ಲಿದ್ದು, ಓದುವ ಕೊಠಡಿಗೆ ತಿಂಗಳ ಬಾಡಿಗೆ ಕೊಟ್ಟು, ಕೆ.ಎ.ಎಸ್., ಪಿ.ಎಸ್.ಐ. ಅಧಿಸೂಚನೆಗೆ ವರ್ಷಗಟ್ಟಲೆ ಕಾಯುವವರ ಊರಾಗಿದೆ ಅದು. ಅವರಿಗೆ ರಾತ್ರಿ ಊಟ ತಂದುಕೊಡುವವನು ಹದಿನೇಳರ ಹುಡುಗ. ಒಬ್ಬನಿಗೆ ಪದವಿಯಿದೆ, ಕೆಲಸವಿಲ್ಲ. ಇನ್ನೊಬ್ಬನಿಗೆ ಕೆಲಸವಿದೆ, ಅವನ ಹೆಸರಿಗೆ ಏನೂ ಇಲ್ಲ.

ಕಿಶೋರರು ದುಡಿಯುತ್ತಾರೆ ಎಂಬುದನ್ನು ಒಪ್ಪಿಕೊಂಡೇ ಮಾತು ಶುರು ಮಾಡಬೇಕು ಎಂದು ಹೇಳಿದವರು ಈ ನಾಡಿನವರೇ. ನಂದನಾ ರೆಡ್ಡಿ, ದಾಮೋದರ ಆಚಾರ್ಯ ಮುಂತಾದವರು ಬೆಂಗಳೂರಿನಲ್ಲಿ ಕಟ್ಟಿದ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ (ಸಿ.ಡಬ್ಲ್ಯು.ಸಿ.) ಸಂಸ್ಥೆ 1980ರ ದಶಕದಿಂದಲೂ ಹೋಟೆಲ್ ಮಾಣಿಗಳ ಜೊತೆ, ಬೀದಿಯ ಮಕ್ಕಳ ಜೊತೆ ಕೆಲಸ ಮಾಡುತ್ತ ಬಂತು. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಮಾಡಿಕೊಂಡರು. 1996ರಲ್ಲಿ ಕುಂದಾಪುರದಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿ ಹತ್ತು ಅಂಶಗಳ ಘೋಷಣೆ ಮಾಡಿದರು. ಅವರು ಕೇಳಿದ್ದು ದುಡಿಮೆಯ ಹಬ್ಬವನ್ನಲ್ಲ. ನಮ್ಮನ್ನು ಕೇಳದೆ ನಮ್ಮ ಬಗ್ಗೆ ತೀರ್ಮಾನ ಮಾಡಬೇಡಿ, ಕೆಲಸದ ವೇಳೆ ಮಿತಿಯಲ್ಲಿರಲಿ, ಓದಿಗೆ ಬಿಡುವಿರಲಿ, ನಾವು ಇದಕ್ಕಿಳಿಯುವಂತೆ ಮಾಡಿದ ಬಡತನದ ಕಡೆ ನೋಡಿ ಎಂಬ ಧಾಟಿಯ ಬೇಡಿಕೆಗಳು. ಈ ವಾದವನ್ನು ಎಳೆದರೆ ಎಲ್ಲಿಗೂ ಹೋಗುತ್ತದೆ: ಬೊಲಿವಿಯಾ 2014ರಲ್ಲಿ ಹತ್ತು ವರ್ಷದ ಮಕ್ಕಳಿಗೂ ಕೆಲವು ಷರತ್ತಿನ ಮೇಲೆ ದುಡಿಮೆಗೆ ಅವಕಾಶ ಕೊಟ್ಟು, 2018ರಲ್ಲಿ ಹಿಂದೆ ಸರಿಯಿತು. ಹತ್ತು ವರ್ಷದ ಮಗುವಿನ ಜಾಗ ಶಾಲೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನಾರರವನ ಬಗ್ಗೆ ಕುಂದಾಪುರದಲ್ಲಿ ಕೇಳಿದ ಮಾತಿಗೆ ಬೆಂಗಳೂರು ಇನ್ನೂ ಉತ್ತರ ಕೊಟ್ಟಿಲ್ಲ.

ಹಣದ ವಿಷಯದಲ್ಲಿ ಇನ್ನೊಂದು ಅಪಾಯ ತಲೆಯೆತ್ತುತ್ತಿದೆ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹತ್ತು ವರ್ಷ ಮೇಲ್ಪಟ್ಟ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಅವಕಾಶ ಕೊಡಬಹುದೆಂದು ಬ್ಯಾಂಕುಗಳಿಗೆ ಹೇಳಿತು. ದುಡಿಯುವ ಹುಡುಗಿಯ ಪಾಲಿಗೆ ಇದು ದೊಡ್ಡ ಬಲ, ಅವಳ ದುಡ್ಡು ಅವಳದಾಗಿಯೇ ಉಳಿಯಲು ದಾರಿ. ಆದರೆ ಸೈಬರ್ ವಂಚಕರಿಗೆ ಬೇಕಾಗಿರುವುದು ಇನ್ನೊಬ್ಬರ ಹೆಸರಿನ ಖಾತೆ ಮತ್ತು ಸಿಮ್ಮು. ಕದ್ದ ದುಡ್ಡು ದಾಟಿಸಲು. 'ನಿನ್ನ ಅಕೌಂಟ್ ಕೊಡು, ತಿಂಗಳಿಗಿಷ್ಟು ಕೊಡ್ತೀನಿ' ಎಂಬ ಕರೆ ಮೊದಲು ತಲುಪುವುದು ಐ.ಡಿ. ಬಾಡಿಗೆಗೆ ಪಡೆದು ಅಭ್ಯಾಸವಾದ ಹುಡುಗರನ್ನೇ. ಬೇರೆಯವರ ಹೆಸರಿನಲ್ಲಿ ದುಡಿಯುವುದು ಮಾಮೂಲಿ ಎಂದು ಕಲಿತವನಿಗೆ ತನ್ನ ಹೆಸರನ್ನು ಬೇರೆಯವರಿಗೆ ಬಿಟ್ಟುಕೊಡುವುದೂ ಮಾಮೂಲಿಯೇ. ಪೊಲೀಸರು ಬಂದಾಗ ಮಾತ್ರ ಆ ಖಾತೆ ಪೂರ್ತಿ ಅವನದಾಗಿರುತ್ತದೆ.

ಈಗ ತಡೆಯದಿದ್ದರೆ ಐದಾರು ವರ್ಷದಲ್ಲಿ ಏನಾಗುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಡ. ಇಪ್ಪತ್ತೆರಡಾದ, ಆರು ವರ್ಷ ದುಡಿದ ಅನುಭವವಿರುವ, ಆದರೆ ತೋರಿಸಲು ಕಸುಬೂ ಇಲ್ಲದ, ಕಾಗದವೂ ಇಲ್ಲದ, ಮೊಣಕಾಲು ಬೆನ್ನು ಆಗಲೇ ಸವೆದ ಸಾವಿರಾರು ಯುವಕರು ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಇರುತ್ತಾರೆ. ಅದೇ ಹೊತ್ತಿಗೆ ಪೀಣ್ಯ, ಬಿಡದಿಯ ಕಾರ್ಖಾನೆಗಳು ನುರಿತ ಕೆಲಸಗಾರರು ಸಿಗುತ್ತಿಲ್ಲ ಎಂದು ಗೋಳಾಡುತ್ತಿರುತ್ತವೆ; ಆ ಗೋಳು ಈಗಲೇ ಕೇಳುತ್ತಿದೆ.

ಮಾಡಬೇಕಾದದ್ದು ತೀರಾ ಕಷ್ಟದ್ದೇನಲ್ಲ. 2025ರ ಸೆಪ್ಟೆಂಬರಿನಲ್ಲಿ ಹಳೆಯ ಬಿ.ಬಿ.ಎಂ.ಪಿ. ಒಡೆದು ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಹುಟ್ಟಿದೆ. ಅಂಗಡಿ, ಶೆಡ್ಡು, ಹೋಟೆಲು, ಡಾರ್ಕ್ ಸ್ಟೋರು, ಎಲ್ಲರೂ ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಅದರ ಬಾಗಿಲಿಗೇ ಬರಬೇಕು. ಆ ಅರ್ಜಿಯಲ್ಲಿ 14ರಿಂದ 18ರವರೆಗಿನವರು ಎಷ್ಟು ಜನ ಇದ್ದಾರೆ, ರಿಜಿಸ್ಟರ್ ಇದೆಯೇ ಎಂಬ ಎರಡು ಕಾಲಂ ಸೇರಿಸಿದರೆ ಕಾರ್ಮಿಕ ಇಲಾಖೆಗೆ ಇಲ್ಲದ ಕಣ್ಣು ಬರುತ್ತದೆ. ಸತ್ಯ ಬರೆದವನಿಗೆ ಮೊದಲ ವರ್ಷ ಶಿಕ್ಷೆ ಬೇಡ, ಬರೆಯದವನಿಗೆ ಇರಲಿ. ಆ ಕಾಲಂನಲ್ಲಿ ಲೆಕ್ಕಕ್ಕೆ ಬಂದ ಹುಡುಗನನ್ನು ಅಪ್ರೆಂಟಿಸ್ ಎಂದು ನೋಂದಾಯಿಸಿ, ಯುವನಿಧಿಯ ಒಂದು ಪಾಲನ್ನು ಅವನ ಖಾತೆಗೆ ಹಾಕಲಿ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಜಿ.ಟಿ.ಟಿ.ಸಿ.ಯಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ. ಹತ್ತು ಪಾಸಾದ ಹಳ್ಳಿಯ ಬಡ ಮಕ್ಕಳಿಗೆ ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆ 2007ರಿಂದ ಊಟ, ವಸತಿ ಸಹಿತ ಮೂರು ವರ್ಷದ ತರಬೇತಿ ಕೊಡುತ್ತಿದೆ. ಎರಡೂ ಒಳ್ಳೆಯ ಸಂಸ್ಥೆಗಳೇ, ಎರಡರ ಬಾಗಿಲಲ್ಲೂ 'ಹತ್ತು ಪಾಸು' ಎಂಬ ಕಾವಲುಗಾರನಿದ್ದಾನೆ. ಫೇಲಾದವರಿಗೆ ಸಂಜೆಯ ಪಾಳಿಯಲ್ಲಿ, ಶೆಡ್ಡಿನಲ್ಲಿ ದುಡಿಯುತ್ತಲೇ ವಾರಕ್ಕೆ ಮೂರು ದಿನ ಬರುವಂತೆ, ಆರು ತಿಂಗಳ ಕೋರ್ಸನ್ನು ರಾಜಾಜಿನಗರದ ಅದೇ ಮಿಷನ್‌ಗಳ ಮೇಲೆ ನಡೆಸಲು ಯಾವ ಅಡ್ಡಿಯಿದೆ? ಏಳು ಗಂಟೆಯೊಳಗೆ ಮುಗಿದರೆ ಕಾನೂನಿಗೂ ಸರಿ. ಗಿಗ್ ಕಾಯ್ದೆಯ ನಿಯಮಗಳಲ್ಲಿ ಬಾಡಿಗೆ ಐ.ಡಿ.ಯಲ್ಲಿ ಅಪಘಾತಕ್ಕೀಡಾದವನ ಚಿಕಿತ್ಸೆಯ ಖರ್ಚು ಕಂಪನಿಯದೇ ಎಂದು ಬರೆದರೆ, ಐ.ಡಿ. ಪರಿಶೀಲನೆಯನ್ನು ಕಂಪನಿಗಳೇ ರಾತ್ರೋರಾತ್ರಿ ಬಿಗಿ ಮಾಡುತ್ತವೆ, ನಿರೀಕ್ಷಕರು ಓಡಾಡಬೇಕಾಗಿಲ್ಲ.

ಇದೆಲ್ಲಕ್ಕೂ ಮುಂಚೆ ಈ ಬೇಸಿಗೆಯಲ್ಲೇ ಆಗಬಹುದಾದ ಕೆಲಸವೊಂದಿದೆ. ಫಲಿತಾಂಶ ಬಂದ ದಿನವೇ ಪ್ರತಿ ಹೈಸ್ಕೂಲಿನ ಹೆಡ್‌ಮಾಸ್ಟರ ಮೇಜಿನ ಮೇಲೆ ಪಾಸಾಗದವರ ಪಟ್ಟಿಯಿರುತ್ತದೆ, ಮನೆಯವರ ಫೋನ್ ನಂಬರೂ ಇರುತ್ತದೆ. ಎರಡನೆಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನದೊಳಗೆ ಒಂದೊಂದು ಮನೆಗೂ ಕರೆ ಹೋಗಲಿ. ಹುಡುಗ ಎಲ್ಲಿ ಸೇರಿಕೊಂಡ, ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಕೇಳಿ ಆ ಪಟ್ಟಿಯ ಪಕ್ಕದಲ್ಲೇ ಬರೆದಿಡಲಿ.